ಅತ್ತೆಯ ಎಡಗೆನ್ನೆ

ಮಾರ್ಚ್ 3, ಸೋಮವಾರ

ಬಂತು! ಕೊನೆಗೂ ಲೆನ್ಸ್ ಬಂತು. ಬೆಲೆ ಇಲ್ಲಿ ಬರೆಯುವುದಿಲ್ಲ. ಬರೆದರೆ ಮುಂದೆ ಓದಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಮನೆಯ ಮುಂದಿನ ಕೋಣೆಯಲ್ಲಿ ಸ್ಟುಡಿಯೊ ತೆರೆದಾಗಿನಿಂದ ಒಂದೇ ಹಳೇ ಲೆನ್ಸಿನಲ್ಲಿ ಕಾಲ ಹಾಕಿದೆ. ಪಾಸ್‌ಪೋರ್ಟ್ ಫೋಟೋ, ಶಾಲೆಯ ಗುರುತಿನ ಚೀಟಿ, ನಿವೃತ್ತಿಯಾಗುವವರ ಕೊನೇ ದಿನದ ಫೋಟೋ, ಎಲ್ಲ ಅದರಲ್ಲೇ. ಮುಖ ತೆಗೆಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಅಂತ ಜನ ಹೇಳುತ್ತಾರೆ. ನಾನೂ ಅಲ್ಲ ಅನ್ನುವುದಿಲ್ಲ. ಆದರೆ ನಮ್ಮ ಫೋಟೋಗ್ರಾಫರ್ ಗ್ರೂಪಿನಲ್ಲಿ ಫ್ಲ್ಯಾಶ್ ಅಂತ ಒಬ್ಬನಿದ್ದಾನೆ. ಹೆತ್ತವರು ಬೇರೆ ಹೆಸರಿಟ್ಟಿದ್ದಾರೆ, ನಾವು ಇದನ್ನಿಟ್ಟಿದ್ದೇವೆ. ಅವನು ಇದೇ ಲೆನ್ಸ್ ತಗೊಂಡು ದಿನಕ್ಕೊಂದು ಫೋಟೋ ಹಾಕಿ ಗ್ರೂಪಿನವರ ಜೀವ ತಿಂದ. ಸಾಕಪ್ಪಾ ಅನ್ನಿಸಿ ನಾನೂ ತಗೊಂಡೆ.

ಮಾರಿದವನು ಗ್ಯಾರಂಟಿ. ಅದೂ ಅಡ್ಡಹೆಸರೇ, ಬಾಯಿ ತೆರೆದರೆ ಅವನು ಅದೇ ಮಾತಾಡುವುದು. "ಹದಿನೈದು ದಿನ ಇಟ್ಕೊಂಡು ನೋಡಿ ಮೇಡಂ. ಹಳೇದಕ್ಕಿಂತ ಶಾರ್ಪ್ ಇಲ್ಲ ಅನ್ಸಿದ್ರೆ ಮರುಮಾತಿಲ್ದೆ ವಾಪಸ್ ತಗೋತೀನಿ, ಗ್ಯಾರಂಟಿ" ಅಂದಿದ್ದಾನೆ. ಹಾಗಾಗಿಯೇ ಈ ಬರವಣಿಗೆ. ಪರೀಕ್ಷೆ ಅಂದಮೇಲೆ ದಿನದಿನದ್ದು ಬರೆದಿಡಬೇಕು.

ಇವರು ಬೆಳಿಗ್ಗೆಯೇ ಹೊರಟರು. ಬೇರೆ ಊರಲ್ಲಿ ಹೊಸ ಕಟ್ಟಡಕ್ಕೆ ಲಿಫ್ಟ್ ಕೂರಿಸುವ ಕೆಲಸ, ಮೂರು ವಾರ. ಇನ್ನು ಮನೆಯಲ್ಲಿ ನಾನು, ಅತ್ತೆ, ಅತ್ತೆಯ ಶಿಳ್ಳೆ.

ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಇವತ್ತಿಗೂ ಅವರ ಬಾಯಲ್ಲಿ ಒಂದಕ್ಷರ ಅತ್ತಿತ್ತ ಆಗುವುದಿಲ್ಲ. ಆದರೆ ನನ್ನನ್ನು ಕರೆಯುವುದು ಮಾತ್ರ ಶಿಳ್ಳೆ ಹಾಕಿ, ಒಂದು ಉದ್ದ, ಒಂದು ಗಿಡ್ಡ. ಗಿರಾಕಿಗಳ ಎದುರಿಗೆ, ನಾಯಿಯನ್ನು ಕರೆದ ಹಾಗೆ! ಎಷ್ಟು ಸಲ ಹೇಳಿದ್ದೇನೆ. "ಅಡುಗೆಮನೆಯಿಂದ ಸ್ಟುಡಿಯೊವರೆಗೂ ಕೂಗೋಕೆ ನಂಗೆ ತ್ರಾಣ ಇಲ್ಲಮ್ಮ. ಶಿಳ್ಳೆ ಸಲೀಸು" ಅನ್ನುತ್ತಾರೆ.

ಲೆನ್ಸ್ ತೋರಿಸಿದೆ. ಕೈಯಲ್ಲಿ ಎತ್ತಿ ತೂಕ ನೋಡಿದರು. "ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು" ಅಂದು ವಾಪಸ್ ಕೊಟ್ಟರು. ನಾನು ಕೇಳಿಸಲಿಲ್ಲ ಅನ್ನುವ ಹಾಗೆ ಲೆನ್ಸ್ ಒರೆಸಿ ಡಬ್ಬಿಗೆ ಹಾಕಿದೆ.

ಮಾರ್ಚ್ 4, ಮಂಗಳವಾರ

ಕೆಲವರು ಗೋಡೆಗೆ ಪೇಪರ್ ಅಂಟಿಸಿ ಲೆನ್ಸ್ ಪರೀಕ್ಷೆ ಮಾಡುತ್ತಾರೆ. ಅದೆಲ್ಲ ಹುಡುಗಾಟ. ನಾನು ಮುಖ ತೆಗೆಯುವವಳು, ನನ್ನ ಪರೀಕ್ಷೆ ಮುಖದ ಮೇಲೆಯೇ ಆಗಬೇಕು. ಅದಕ್ಕೆ ಅತ್ತೆಗಿಂತ ಒಳ್ಳೆಯ ಮುಖ ಎಲ್ಲಿ ಸಿಗಬೇಕು? ಹಣೆಯ ತುಂಬ ಗೆರೆ, ಕಣ್ಣಿನ ಪಕ್ಕದಲ್ಲಿ ಬೀಸಣಿಗೆಯ ಹಾಗೆ ಗೆರೆ, ಮೂಗಿನಿಂದ ಬಾಯಿಯ ತುದಿಯವರೆಗೆ ಎರಡು ಆಳವಾದ ಗೆರೆ. ಒಂದೊಂದು ಗೆರೆಯೂ ಲೆನ್ಸಿಗೆ ಒಂದೊಂದು ಪ್ರಶ್ನೆ.

ಕಿಟಕಿಯ ಪಕ್ಕ ಸ್ಟೂಲ್ ಹಾಕಿ ಕೂರಿಸಿದೆ. ಸ್ಟೂಲಿನ ಕಾಲು ಬರುವ ಜಾಗಕ್ಕೆ ನೆಲದಲ್ಲಿ ಟೇಪ್ ಅಂಟಿಸಿದೆ. ಅತ್ತೆ ನೀಲಿ ಅಂಚಿನ ಸೀರೆ ಉಟ್ಟು, ತಲೆ ಬಾಚಿ, ಪೌಡರ್ ಹಾಕಿ ಬಂದರು. ಪೌಡರ್ ಒರೆಸಿಸಿದೆ. ಗೆರೆ ಮುಚ್ಚುತ್ತದಲ್ಲ!

"ಏನೇ ಇದು, ಮುಪ್ಪನ್ನ ಮುಚ್ಚಿಡೋಕೆ ಜನ ಸ್ಟುಡಿಯೊಗೆ ಬರ್ತಾರೆ, ನೀನು ಎತ್ತಿ ತೋರಿಸ್ತೀಯಲ್ಲ" ಅಂದರು.

"ಅಲ್ಲಾಡ್ಬೇಡಿ ಅತ್ತೆ."

ಹಳೇ ಲೆನ್ಸಿನ ಸರದಿ ಮುಗಿಯಿತು, ಚೆನ್ನಾಗಿಯೇ ಬಂದಿದೆ. ಹೊಸದು ಹಾಕುವಷ್ಟರಲ್ಲಿ ಮೋಡ ಕವಿದು ಬೆಳಕು ಹೋಯಿತು. ಬೆಳಕು ಬೇರೆಯಾದರೆ ಹೋಲಿಕೆಗೆ ಅರ್ಥವಿಲ್ಲ. ನಾಳೆ ನಾಡಿದ್ದು ಶಾಲೆಯ ಕೆಲಸವಿದೆ. ಶುಕ್ರವಾರ ನೋಡೋಣ.

ಮಾರ್ಚ್ 7, ಶುಕ್ರವಾರ

ಸಿಟ್ಟು ನೆತ್ತಿಗೇರಿದೆ.

ಅದೇ ಕಿಟಕಿ, ಅದೇ ಟೇಪ್, ಅದೇ ಬೆಳಕು, ಅದೇ ಅತ್ತೆ. ಹೊಸ ಲೆನ್ಸ್. ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದರೆ ಫೋಟೋದ ಎಡಭಾಗ ಏನು ಚೆಂದ! ಬಲಭಾಗ ಮಾತ್ರ, ಅಂದರೆ ಅತ್ತೆಯ ಎಡಗೆನ್ನೆ ಇರುವ ಕಡೆ, ಸಪ್ಪೆ. ಹಣೆಯ ಗೆರೆಗಳು ನಡುವಿನವರೆಗೆ ಬಂದು ಅಲ್ಲಿಂದಾಚೆ ಅಳಿಸಿಹೋದ ಹಾಗೆ. ಕಣ್ಣಿನ ಪಕ್ಕದ ಬೀಸಣಿಗೆ ಮಾಯ. ಮೂಗಿನ ಪಕ್ಕದ ಆಳವಾದ ಗೆರೆಯೂ ತೆಳ್ಳಗಾಗಿದೆ. ಮಂಗಳವಾರದ ಹಳೇ ಫೋಟೋದಲ್ಲಿ ಇವೆಲ್ಲ ಸ್ಪಷ್ಟವಾಗಿವೆ. ಇಷ್ಟು ದುಬಾರಿ ಲೆನ್ಸ್ ಹಳೇದಕ್ಕಿಂತ ಕಡೆ!

ಇದು ನನಗೆ ಗೊತ್ತಿರುವ ದೋಷವೇ. ಲೆನ್ಸಿನ ಒಳಗೆ ಗಾಜುಗಳ ಸಾಲು ಇರುತ್ತದೆ. ಅದರಲ್ಲಿ ಒಂದು ಕೂದಲೆಳೆಯಷ್ಟು ಸರಿದು ಕೂತರೂ ಫೋಟೋದ ಒಂದು ಬದಿ ಶಾರ್ಪ್, ಇನ್ನೊಂದು ಬದಿ ಮಬ್ಬು. ಗ್ಯಾರಂಟಿ ನನ್ನ ತಲೆಗೆ ಕಟ್ಟಿದ್ದು ಅಂಥದ್ದನ್ನೇ.

ಅದರ ಮೇಲೆ ಅತ್ತೆಯ ಎಡಗಣ್ಣಿನಲ್ಲಿ ನೀರು ಸುರಿದು ಸುರಿದು ನಾಲ್ಕು ಫೋಟೋ ಹಾಳಾದವು. ಕಿವಿಯ ಹಿಂದೆ ನೋವು ಅಂದರು. ಫ್ಯಾನಿನ ಕೆಳಗೆ ಮಲಗಬೇಡಿ ಅಂದರೆ ಕೇಳುವುದಿಲ್ಲವಲ್ಲ.

ಒಂದು ಸಮಾಧಾನ. ಇವತ್ತು ಇಡೀ ದಿನ ಶಿಳ್ಳೆ ಇಲ್ಲ. ನನ್ನ ಮಾತು ಕೊನೆಗೂ ತಲೆಗೆ ಹೋದ ಹಾಗಿದೆ.

ಮಾರ್ಚ್ 8, ಶನಿವಾರ

ಇನ್ನೊಂದು ಸಲ ತೆಗೆದೆ. ನೆನ್ನೆಗಿಂತಲೂ ಮಬ್ಬು. ಲೆನ್ಸ್ ದಿನದಿಂದ ದಿನಕ್ಕೆ ಕೆಡುತ್ತದೆಯೇ? ಒಳಗಿನ ಗಾಜು ಸಡಿಲವಾಗಿರಬೇಕು.

ಅತ್ತೆಗೆ ನಗಿ ಅಂದೆ. ಕಣ್ಣಿನ ಪಕ್ಕದ ಗೆರೆಗೆ ನಗು ಬೇಕು. ಒಂದು ಕಡೆಯ ತುಟಿ ಮಾತ್ರ ಎತ್ತಿ ಓರೆ ನಗು ನಕ್ಕರು. ನನ್ನ ಲೆನ್ಸಿನ ಗೋಳು ನೋಡಿ ಅಣಕಿಸುತ್ತಿದ್ದಾರೆ ಅಂತ ಮೈ ಉರಿಯಿತು. "ಸರಿಯಾಗಿ ನಗೋಕೇನು ಕಷ್ಟ ನಿಮಗೆ" ಅಂದೇಬಿಟ್ಟೆ.

ಮಧ್ಯಾಹ್ನ ಕಂಪ್ಯೂಟರ್ ಮುಂದೆ ಇದ್ದಾಗ ಬಂದು ಹಿಂದೆ ನಿಂತರು.

"ಕನ್ನಡೀಲಿ ನೋಡ್ಕೊಂಡೆ. ಮುಖ ಒಂಥರಾ ಆಗಿದೆ ಕಣೇ. ಬಾಯಿ ಮುಕ್ಕಳಿಸಿದ್ರೆ ನೀರು ನಿಲ್ತಿಲ್ಲ. ಸ್ವಲ್ಪ ಇತ್ಲಾಗೆ ತಿರುಗಿ ನೋಡು."

ಪರದೆಯ ಮೇಲೆ ಅವರದೇ ಕೆನ್ನೆ ನಾಲ್ಕು ಪಟ್ಟು ದೊಡ್ಡದಾಗಿ ಇತ್ತು. ಅದರ ಮೇಲೆ ಕಣ್ಣಿಟ್ಟೇ ಹೇಳಿದೆ, "ನಿಮ್ಮ ಮುಖ ಸರಿಯಾಗೇ ಇದೆ ಅತ್ತೆ. ಲೆನ್ಸೇ ಸರಿ ಇಲ್ಲ."

"ಹೌದಾ? ಸರಿ ಹಾಗಾದ್ರೆ. ದಿನಾ ಮುಖ ನೋಡೋಳು ನೀನು, ನೀನೇ ಹೇಳಿದ್ಮೇಲೆ ಇನ್ನೇನು" ಅಂದು ಹೋದರು.

ಸಂಜೆ ಎರಡು ಫೋಟೋಗಳನ್ನೂ ಅಕ್ಕಪಕ್ಕ ಇಟ್ಟು, ಮಬ್ಬಾದ ಕೆನ್ನೆಯ ಸುತ್ತ ಕೆಂಪು ಬಣ್ಣದಲ್ಲಿ ಸುತ್ತು ಹಾಕಿ ಗ್ರೂಪಿಗೆ ಕಳಿಸಿದೆ. "ಈ ಲೆನ್ಸ್ ತಗೊಳ್ಳುವವರು ಎಚ್ಚರ. ನಮ್ಮ ಗ್ಯಾರಂಟಿಯ ಗ್ಯಾರಂಟಿ ನೋಡಿ." ಎಲ್ಲರೂ ಹೌದು ಹೌದು ಅಂದರು. ಫ್ಲ್ಯಾಶ್ ಮಾತ್ರ, "ಲೆನ್ಸ್ ದೋಷನೋ ಮಾಡೆಲ್ ದೋಷನೋ" ಅಂತ ಬರೆದು ಹಲ್ಲುಕಿರಿಯುವ ಬೊಂಬೆ ಹಾಕಿದ. ಉಳಿದವರೂ ಸಾಲಾಗಿ ಹಲ್ಲುಕಿರಿದರು. ದರಿದ್ರದವನು.

ಮಾರ್ಚ್ 10, ಸೋಮವಾರ

ಗ್ಯಾರಂಟಿಯ ಅಂಗಡಿಯಲ್ಲಿ ಜಗಳ. ಗಿರಾಕಿಗಳೆಲ್ಲ ಸುತ್ತ ನಿಂತು ನೋಡಿದರು. ನೋಡಲಿ ಅಂತಲೇ ನಾನೂ ದನಿ ಏರಿಸಿದೆ.

ಅವನು ಲೆನ್ಸನ್ನು ಬೆಳಕಿಗೆ ಹಿಡಿದು ನೋಡಿ, ಎದುರು ಅಂಗಡಿಯ ಬೋರ್ಡಿನ ಫೋಟೋ ತೆಗೆದು ತೋರಿಸಿದ. "ಮೂಲೆಯಿಂದ ಮೂಲೆಗೆ ಬ್ಲೇಡ್ ಇದ್ದಂಗಿದೆ ಮೇಡಂ." ಬೋರ್ಡ್ ತೋರಿಸಬೇಡ, ಮುಖ ತೆಗೆದು ತೋರಿಸು ಅಂದೆ. ಅವನಿಗೂ ತಾಳ್ಮೆ ತಪ್ಪಿತು.

"ಬೇಜಾರು ಮಾಡ್ಕೋಬೇಡಿ. ಕುಣಿಯೋಕೆ ಬರ್ದೇ ಇರೋಳು ನೆಲ ಡೊಂಕು ಅಂದ್ಳಂತೆ. ಒಂದ್ ಕೆಲ್ಸ ಮಾಡಿ. ಕ್ಯಾಮೆರಾ ತಲೆಕೆಳಗೆ ಹಿಡ್ಕೊಂಡು ಅದೇ ಮುಖ ಇನ್ನೊಂದ್ಸಲ ತೆಗೀರಿ. ಲೆನ್ಸ್ ಕೆಟ್ಟಿದ್ರೆ ಮಬ್ಬು ಈ ಕೆನ್ನೆ ಬಿಟ್ಟು ಆ ಕೆನ್ನೆಗೆ ಹೋಗ್ಬೇಕು. ಹೋದ್ರೆ ನಾನೇ ನಿಮ್ಮ ಮನೆಗೆ ಬಂದು ತಪ್ಪಾಯ್ತು ಅಂತೀನಿ, ಗ್ಯಾರಂಟಿ."

ನನಗೆ ನೆಲ ಡೊಂಕು ಅಂತೆ! ನಾಳೆ ತೆಗೆದು ಅವನ ಮುಖಕ್ಕೇ ಹಿಡಿಯುತ್ತೇನೆ.

ಸಂಜೆ ಇವರು ವಿಡಿಯೊ ಕಾಲ್ ಮಾಡಿದ್ದರು. "ಅಮ್ಮನ ಬಾಯಿ ಸೊಟ್ಟಗೆ ಕಾಣ್ತಿದೆಯಲ್ಲೇ" ಅಂದರು. ನೆಟ್‌ವರ್ಕ್ ಅಂದೆ. ಇವರೂ ಹೂಂ ನೆಟ್‌ವರ್ಕೇ ಸರಿ ಇಲ್ಲ ಅಂದರು. ಅತ್ತೆ ಮಾತಾಡಿದ್ದು ಕಡಿಮೆ. ಊಟಕ್ಕೆ ರುಚಿ ಇಲ್ಲ ಅಂತ ತಟ್ಟೆ ಸರಿಸಿದರು. ನಾನು ಲೆನ್ಸ್ ಚಿಂತೆಯಲ್ಲಿ ಅಡುಗೆ ಕೆಡಿಸಿದೆ ಅಂತ ಅದರ ಅರ್ಥ, ನನಗೆ ಗೊತ್ತು.

ಮಾರ್ಚ್ 11, ಮಂಗಳವಾರ

ಕ್ಯಾಮೆರಾ ತಲೆಕೆಳಗೆ ಮಾಡಿ ತೆಗೆದೆ. ಮಬ್ಬು ಕದಲಲಿಲ್ಲ. ಅದೇ ಕೆನ್ನೆ.

ಹಳೇ ಲೆನ್ಸ್ ಹಾಕಿ ತೆಗೆದೆ. ಅದೇ ಕೆನ್ನೆ.

ಆಮೇಲೆ ಕ್ಯಾಮೆರಾ ಕೆಳಗಿಟ್ಟು ಅತ್ತೆಯ ಮುಖ ನೋಡಿದೆ.

ಎಡಹುಬ್ಬು ಜಾರಿತ್ತು. ಬಾಯಿಯ ಎಡತುದಿ ಜೋತುಬಿದ್ದಿತ್ತು. ಕಣ್ಣು ಮಿಟುಕಿಸಿದರು, ಬಲಗಣ್ಣು ಮುಚ್ಚಿ ತೆರೆಯಿತು, ಎಡಗಣ್ಣು ತೆರೆದೇ ಇತ್ತು.

"ಆಯ್ತಾ? ಏಳ್ಲಾ?" ಅಂದರು.

ಮಾರ್ಚ್ 12, ಬುಧವಾರ

ನೆನ್ನೆ ಸ್ಟೂಲಿನಿಂದ ಎಬ್ಬಿಸಿ ನೇರ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅತ್ತೆ ಚಪ್ಪಲಿ ಬದಲಿಸುತ್ತೇನೆ ಅಂದರು, ಅದಕ್ಕೂ ಬಿಡಲಿಲ್ಲ. ಈಗ ಅವಸರ!

ಡಾಕ್ಟರಮ್ಮ ನನಗಿಂತ ಚಿಕ್ಕ ವಯಸ್ಸಿನವರು. ಹುಬ್ಬು ಏರಿಸಿ ಅಂದರು, ಒಂದೇ ಏರಿತು. ಕಣ್ಣು ಬಿಗಿಯಾಗಿ ಮುಚ್ಚಿ ಅಂದರು, ಒಂದೇ ಮುಚ್ಚಿತು. ಹಲ್ಲು ತೋರಿಸಿ, ಕೆನ್ನೆ ಉಬ್ಬಿಸಿ, ಶಿಳ್ಳೆ ಹಾಕಿ. ಶಿಳ್ಳೆ ಅಂದಾಗ ಅತ್ತೆ ಒಂದು ಕ್ಷಣ ನನ್ನ ಕಡೆ ನೋಡಿದರು. ಆಮೇಲೆ ತುಟಿ ಮುಂದೆ ಮಾಡಿ ಊದಿದರು. ಬರೀ ಗಾಳಿ ಬಂತು.

"ಹಣೆಯೂ ಸೇರಿ ಒಂದು ಕಡೆ ಪೂರ್ತಿ ಸೋತಿದೆ, ಹಾಗಾಗಿ ಇದು ಮಿದುಳಿನದಲ್ಲ. ಮುಖದ ನರ ಊದಿಕೊಂಡಿದೆ. ಗಾಬರಿ ಬೇಡ, ಬಹಳ ಜನಕ್ಕೆ ವಾಪಸ್ ಬರುತ್ತೆ. ಮೊದಲ ಮೂರು ದಿನದೊಳಗೆ ಮಾತ್ರೆ ಶುರು ಮಾಡಿದ್ರೆ ಜಾಸ್ತಿ ಅನುಕೂಲ. ಯಾವಾಗಿನಿಂದ ಹೀಗೆ?"

"ನೆನ್ನೆಯಿಂದ" ಅಂದೆ.

ಯೋಚಿಸಿ ಹೇಳಿದ್ದಲ್ಲ. ಬಾಯಿಗೆ ಬಂತು. ಬಾಯಿಗೆ ಬಂದ ಮೇಲೆ ನುಂಗಲಿಲ್ಲ. ಮನೆಯ ಕಂಪ್ಯೂಟರಿನಲ್ಲಿ ಶುಕ್ರವಾರದಿಂದ ಎಲ್ಲ ಇದೆ, ತಾರೀಖಿನ ಸಮೇತ.

ಡಾಕ್ಟರಮ್ಮ ಅತ್ತೆಯ ಕಡೆ ತಿರುಗಿದರು. "ಹೌದೇನಮ್ಮ, ನೆನ್ನೆಯಿಂದಾನಾ?"

"ಹೂಂ" ಅಂದರು ಅತ್ತೆ.

"ಬೇಗ ಕರ್ಕೊಂಡು ಬಂದಿದ್ದೀರಿ, ಒಳ್ಳೇದಾಯ್ತು" ಅಂತ ಡಾಕ್ಟರಮ್ಮ ನನಗೆ ಹೇಳಿದರು.

ನೆಲ ಬಿರಿದು ನನ್ನನ್ನು ನುಂಗಬಾರದಾಗಿತ್ತೇ?

ಮಾರ್ಚ್ 13, ಗುರುವಾರ

ಗ್ರೂಪಿನಿಂದ ಆ ಫೋಟೋ ಅಳಿಸಿದೆ. "ಯಾಕೆ ಅಳಿಸಿದ್ರಿ ಮೇಡಂ, ಗ್ಯಾರಂಟಿ ಜೊತೆ ರಾಜಿ ಆಯ್ತಾ" ಅಂತ ಒಬ್ಬ ಕೇಳಿದ್ದಾನೆ. ಅಷ್ಟು ಜನ ಅತ್ತೆಯ ಕೆನ್ನೆಯನ್ನು ದೊಡ್ಡದು ಮಾಡಿ ಮಾಡಿ ನೋಡಿದರು. ಕೆಂಪು ಸುತ್ತು ಹಾಕಿ ಇಲ್ಲಿ ನೋಡಿ ಅಂದವಳು ನಾನು.

ಇವರಿಗೆ ಫೋನ್ ಮಾಡಿ ಅಮ್ಮನಿಗೆ ಹೀಗಾಗಿದೆ ಅಂದೆ. ಅವರಿಗೂ ಅದೇ ಸುಳ್ಳು, ಸೋಮವಾರದಿಂದ ಅಂತ. ಒಂದು ಸುಳ್ಳು ಹೇಳಿದರೆ ಅದಕ್ಕೆ ಹತ್ತು ಸುಳ್ಳು ಕಾವಲು ಬೇಕು. ಹೊರಟು ಬರುತ್ತೇನೆ ಅಂದರು. ಅತ್ತೆ ಫೋನ್ ಇಸಿದುಕೊಂಡು, "ನೀನು ಬಂದು ನನ್ನ ಬಾಯಿಗೆ ಲಿಫ್ಟ್ ಹಾಕ್ತೀಯಾ? ಕೆಲ್ಸ ಮುಗಿಸ್ಕೊಂಡು ಬಾ" ಅಂದರು. ಪ, ಬ, ಮ ಬರುವ ಕಡೆಯೆಲ್ಲ ತುಟಿ ಕೂಡದೆ ಗಾಳಿ ಹೋಗುತ್ತದೆ. ಒಂದಕ್ಷರ ಅತ್ತಿತ್ತ ಆಗದಿದ್ದ ಬಾಯಿ. ಫೋನ್ ಇಟ್ಟ ಮೇಲೆ ತುಂಬ ಹೊತ್ತು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತಿದ್ದರು.

ಮಾರ್ಚ್ 15, ಶನಿವಾರ

ಎಡಗಣ್ಣು ಮುಚ್ಚದ ಕಾರಣ ಒಣಗುತ್ತದೆ. ಹಗಲು ಹನಿ ಹಾಕಬೇಕು. ಮಲಗುವಾಗ ಮುಲಾಮು ಹಚ್ಚಿ, ರೆಪ್ಪೆಯನ್ನು ಬೆರಳಿನಿಂದ ಮೆಲ್ಲಗೆ ಇಳಿಸಿ, ಮೇಲೆ ಟೇಪ್ ಅಂಟಿಸಬೇಕು. ಟೇಪ್ ಕಣ್ಣಿಗೆ ತಾಗಬಾರದು. ಮೊದಲ ದಿನ ಟೇಪ್ ಹಿಡಿದು ಮೂರು ಸಲ ಹತ್ತಿರ ಹೋಗಿ ಮೂರು ಸಲವೂ ಹಿಂದೆ ಸರಿದೆ. ಯಾವ ಮಗುವಿನ ಕಣ್ಣನ್ನೂ ಹೀಗೆ ಮುಟ್ಟಿದವಳಲ್ಲ ನಾನು.

"ನೆಲಕ್ಕೆ ಅಂಟಿಸೋವಾಗ ಇಷ್ಟು ಹೆದರ್ಲಿಲ್ಲ ನೀನು" ಅಂದರು ಅತ್ತೆ.

ಅದು ತಮಾಷೆಗೆ ಹೇಳಿದ್ದೋ ಚುಚ್ಚಿ ಹೇಳಿದ್ದೋ ತಿಳಿಯಲಿಲ್ಲ. ಮುಖ ನೋಡಿ ತಿಳಿಯೋಣವೆಂದರೆ ಅರ್ಧ ಮುಖ ಏನೂ ಹೇಳುವುದಿಲ್ಲ. ಇನ್ನರ್ಧವನ್ನು ದಿಟ್ಟಿಸಿ ನೋಡಲು ನನಗೆ ಮುಖವಿಲ್ಲ.

ಫೋಟೋಗಳನ್ನು ಮತ್ತೆ ನೋಡಿದೆ. ಶುಕ್ರವಾರದ್ದರಲ್ಲಿ ಎಡಗಣ್ಣಿನ ರೆಪ್ಪೆಗೂದಲು ಒಂದೊಂದೂ ಕಾಣುತ್ತದೆ. ಕೆನ್ನೆಯ ಚರ್ಮದ ರಂಧ್ರಗಳು, ರವಿಕೆಯ ಹೊಲಿಗೆಯ ನೂಲು, ಎಲ್ಲ ಖಡಕ್ಕಾಗಿದೆ. ಮಬ್ಬು ಎಲ್ಲೂ ಇಲ್ಲ. ಇಲ್ಲದ್ದು ಗೆರೆಗಳು ಮಾತ್ರ. ನಾನು ಹುಡುಕಿದ್ದೂ ಗೆರೆಗಳನ್ನು ಮಾತ್ರ. ಅಷ್ಟು ದೊಡ್ಡದು ಮಾಡಿ ನೋಡಿದವಳು ಒಂದು ಸಲ ಚಿಕ್ಕದು ಮಾಡಿ ಪೂರ್ತಿ ಮುಖ ನೋಡಿದ್ದರೆ ಸಾಕಿತ್ತು. ಮುಖ ತೆಗೆಯುವವಳಂತೆ! ಥೂ.

ಮಾರ್ಚ್ 19, ಬುಧವಾರ

ಎರಡನೇ ಸಲ ಆಸ್ಪತ್ರೆಗೆ ಹೋಗಿದ್ದೆವು. ಡಾಕ್ಟರಮ್ಮ ಮತ್ತೆ ಹುಬ್ಬು, ಕಣ್ಣು, ಕೆನ್ನೆ ಎಲ್ಲ ನೋಡಿದರು. ಏನೂ ಅಲುಗಲಿಲ್ಲ. ಅವರ ಮುಖ ಗಂಭೀರವಾಯಿತು.

"ಎರಡನೇ ದಿನಕ್ಕೇ ಮಾತ್ರೆ ಶುರುವಾಗಿದೆ. ಒಂದು ದಿನದಲ್ಲೇ ಇಷ್ಟು ಪೂರ್ತಿ ಸೋತು, ಆಮೇಲೆ ಸ್ವಲ್ಪನೂ ಸುಧಾರಿಸಿಲ್ಲ ಅಂದ್ರೆ ಬೇರೆ ಏನಾದ್ರೂ ಇದೆಯಾ ನೋಡ್ಬೇಕು. ತಲೆಯ ಸ್ಕ್ಯಾನ್ ಮಾಡಿಸೋಣ."

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ತಲೇಲಿ ಗಡ್ಡೆ ಅಂತೀರಾ?"

"ಇಲ್ಲಮ್ಮ, ನೋಡೋಣ ಅಂದೆ ಅಷ್ಟೇ."

ಅತ್ತೆಯ ಬೆರಳುಗಳು ಬೆಳ್ಳಗಾಗುವಷ್ಟು ಬಿಗಿಯಾಗಿ ಸುತ್ತಿದ್ದವು. ಆಗಲೂ ಅವರು ನನ್ನ ಕಡೆ ಬೆರಳು ತೋರಿಸಲಿಲ್ಲ. ನನ್ನ ಮಾನ ಉಳಿಸಲು ಅವರು ತಲೆಯಲ್ಲಿ ಗಡ್ಡೆ ಇದೆಯೆಂದು ನಂಬಬೇಕೇ?

"ಅವತ್ತು ನೆನ್ನೆಯಿಂದ ಅಂತ ನಾನು ಹೇಳಿದ್ದು ಸುಳ್ಳು" ಅಂದೆ. "ಅದಕ್ಕೂ ಮುಂಚೆ, ಶುಕ್ರವಾರಾನೇ ಶುರುವಾಗಿತ್ತು. ನಂಗೆ ಗೊತ್ತಾಗ್ಲಿಲ್ಲ. ಅತ್ತೆ ನೋಡು ಅಂತ ಹೇಳಿದ್ರು, ನಾನು ನೋಡ್ಲಿಲ್ಲ."

ಚೀಲದಲ್ಲಿ ಕ್ಯಾಮೆರಾ ಇತ್ತು. ಬೆಳಿಗ್ಗೆ ಯಾಕೆ ಹಾಕಿಕೊಂಡೆನೋ ಗೊತ್ತಿಲ್ಲ, ಹಾಕಿಕೊಂಡಿದ್ದೆ. ಒಂದೊಂದಾಗಿ ತೋರಿಸಿದೆ. ಮಂಗಳವಾರ. ಶುಕ್ರವಾರ. ಶನಿವಾರ. ಮತ್ತೆ ಮಂಗಳವಾರ. ಡಾಕ್ಟರಮ್ಮ ಕನ್ನಡಕ ತೆಗೆದು ಹತ್ತಿರ ಹಿಡಿದು ನೋಡಿದರು. ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಎಷ್ಟು ಸ್ಪಷ್ಟವಾಗಿದೆ. ಯಾವ ದಿನ ಎಲ್ಲಿವರೆಗೆ ಇಳಿದಿದೆ ಅಂತ ಗೆರೆಗೆರೆ ಗೊತ್ತಾಗುತ್ತೆ. ಒಳ್ಳೇ ಕ್ಯಾಮೆರಾ."

ಲೆನ್ಸ್ ಶಾರ್ಪ್ ಇದೆಯೋ ಇಲ್ಲವೋ ಅನ್ನುವುದಕ್ಕೆ ತೀರ್ಪು ಸಿಕ್ಕಿದ್ದು ಹೀಗೆ.

ಮೆಲ್ಲಗೆ ದಿನದಿನಕ್ಕೆ ಇಳಿದಿದೆ, ಮಾತ್ರೆ ತಡವಾಗಿದೆ, ಹಾಗಾಗಿ ಸುಧಾರಣೆಯೂ ತಡ, ಸದ್ಯಕ್ಕೆ ಸ್ಕ್ಯಾನ್ ಬೇಡ, ಕಾದು ನೋಡೋಣ ಅಂದರು. "ಪೂರ್ತಿ ವಾಪಸ್ ಬರುತ್ತೆ ಅಂತ ಮಾತು ಕೊಡಲಾರೆ" ಅಂತಲೂ ಅಂದರು. ಅದನ್ನು ಹೇಳುವಾಗ ನನ್ನನ್ನು ನೋಡಲಿಲ್ಲ.

ಬಸ್ಸಿನಲ್ಲಿ ಅತ್ತೆ ಕಿಟಕಿಯ ಪಕ್ಕ ಕೂತು ಗಾಜಿನ ಕಡೆಗೆ ಎಡಗೆನ್ನೆ ತಿರುಗಿಸಿಕೊಂಡಿದ್ದರು, ಯಾರಿಗೂ ಕಾಣದ ಹಾಗೆ. ಯಾಕೆ ಅವತ್ತು ಹೂಂ ಅಂದಿರಿ ಅಂತ ಕೇಳಿದೆ.

"ಇನ್ನೇನು, ಹೊರಗಿನವ್ರ ಎದುರಿಗೆ ಸೊಸೆ ಮಾನ ಕಳೀಲಾ?"

"ನಾನು ಲೆನ್ಸ್ ಅಂದಾಗ ನಂಬಿಬಿಟ್ರಲ್ಲ ಅತ್ತೆ."

"ನಂಬೋಕೆ ನಾನೇನು ದಡ್ಡೀನಾ? ಕನ್ನಡೀಲಿ ಎಲ್ಲಿರುತ್ತೆ ಲೆನ್ಸ್?" ಸ್ವಲ್ಪ ದೂರ ಬಸ್ ಹೋದ ಮೇಲೆ ಮತ್ತೆ ಅಂದರು, "ನಂಗೂ ಹೆದ್ರಿಕೆ ಆಗಿತ್ತು. ನೀನು ಲೆನ್ಸ್ ಅಂದೆ. ಅದೇ ನಿಜ ಇರ್ಲಿ ಅನ್ನಿಸ್ತು."

ನನಗೆ ಅಳು ಬಂತು. ಬಸ್ಸಿನಲ್ಲಿ ಜನ ನೋಡುತ್ತಾರೆ ಅಂತ ಅತ್ತೆ ನನ್ನ ಕೈಗೆ ಅವರ ಕಣ್ಣೊರೆಸುವ ಬಟ್ಟೆ ಕೊಟ್ಟರು.

ಮಾರ್ಚ್ 20, ಗುರುವಾರ

ಗ್ರೂಪಿನಲ್ಲಿ ಬರೆದೆ. "ಲೆನ್ಸ್ ಸರಿಯಾಗಿದೆ. ನಮ್ಮ ಅತ್ತೆಗೆ ಹುಷಾರಿಲ್ಲದ್ದನ್ನು ನಾನು ಲೆನ್ಸಿನ ದೋಷ ಅಂದುಕೊಂಡೆ. ತಪ್ಪು ನನ್ನದು." ಕಳಿಸುವ ಮುಂಚೆ ಹತ್ತು ಸಲ ಅಳಿಸಿ ಬರೆದೆ. ಯಾರೂ ಬೊಂಬೆ ಹಾಕಲಿಲ್ಲ. ಫ್ಲ್ಯಾಶ್ ಫೋನ್ ಮಾಡಿದ. "ಅಕ್ಕಾ, ನಾನು ತಮಾಷೆಗಂದಿದ್ದು, ಅಮ್ಮಂಗೆ ಹೇಗಿದೆ?" ಅಂದ. ಅವನು ನನ್ನನ್ನು ಅಕ್ಕ ಅಂದದ್ದು ಇದೇ ಮೊದಲು.

ಗ್ಯಾರಂಟಿಗೆ ಅಂಗಡಿಗೇ ಹೋಗಿ ಹೇಳಿದೆ, ಅವತ್ತು ಜಗಳ ನೋಡಿದವರು ಯಾರಾದರೂ ಇರಲಿ ಅಂತ. ಯಾರೂ ಇರಲಿಲ್ಲ. ಅವನು ಕುರ್ಚಿ ಹಾಕಿ ಕೂರಿಸಿದ. "ನಾನು ಆ ಗಾದೆ ಹೇಳ್ಬಾರ್ದಿತ್ತು ಮೇಡಂ" ಅಂದ. ಲೆನ್ಸ್ ವಾಪಸ್ ಕೊಡುವ ಗಡುವು ಮುಗಿದಿದೆ, ಆದರೂ ಬೇಕಾದರೆ ತಗೋತೀನಿ ಅಂದ. ಗಡುವಿನ ನೆನಪೇ ನನಗಿರಲಿಲ್ಲ.

ಮಾರ್ಚ್ 24, ಸೋಮವಾರ

ಇವರು ಬಂದರು. ಅತ್ತೆಯನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟರು. ಕೈಕಾಲು ತೊಳೆದು ಬರಲಿ ಅಂತ ಕಾದು ಎಲ್ಲ ಹೇಳಿದೆ. ಒಂದನ್ನೂ ಬಚ್ಚಿಡಲಿಲ್ಲ. ಟೇಪ್, ಓರೆ ನಗು, ಕೆಂಪು ಸುತ್ತು, ಆಸ್ಪತ್ರೆಯ ಸುಳ್ಳು.

ಮುಖ ಒರೆಸಿದ ಟವೆಲನ್ನು ಮಡಿಸಿ ಕುರ್ಚಿಯ ಮೇಲಿಟ್ಟರು. ಆಮೇಲೆ, "ಲಿಫ್ಟ್ ನಡುವೆ ನಿಂತ್ರೆ ನಾವು ಮೊದ್ಲು ಒಳಗಿರೋರನ್ನ ಇಳಿಸ್ತೀವಿ. ಮಿಷಿನ್ ಯಾಕೆ ಕೆಟ್ತು ಅಂತ ಆಮೇಲೆ ನೋಡ್ತೀವಿ" ಅಂದರು. ಕೆನ್ನೆಗೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ.

ಸ್ವಲ್ಪ ಹೊತ್ತಿಗೆ ಅವರೇ ಮತ್ತೆ ಬಂದು ಪಕ್ಕದಲ್ಲಿ ಕೂತರು. "ಫೋನಲ್ಲಿ ನಾನೂ ನೋಡ್ದೆ. ನಾನೂ ನೆಟ್‌ವರ್ಕ್ ಅಂದೆ" ಅಂದರು. ಇಬ್ಬರೂ ತಲೆ ತಗ್ಗಿಸಿ ಕೂತಿದ್ದೆವು. ಒಳಗಿನಿಂದ ಅತ್ತೆ, "ಇಬ್ರೂ ಸತ್ತೋರ ಮನೇಲಿ ಕೂತಂಗೆ ಕೂರ್ಬೇಡಿ, ನಾನಿನ್ನೂ ಇದ್ದೀನಿ" ಅಂತ ಕೂಗಿದರು.

ಏಪ್ರಿಲ್ 2, ಬುಧವಾರ

ಕನ್ನಡಿಯ ಮುಂದೆ ಕೂತು ಮುಖದ ವ್ಯಾಯಾಮ ಮಾಡಬೇಕು. ಅತ್ತೆ ಕನ್ನಡಿ ನೋಡಲು ಒಲ್ಲೆ ಅಂದರು, ಕನ್ನಡಿಗೆ ಟವೆಲ್ ಹೊದಿಸಿದ್ದಾರೆ. ಡಾಕ್ಟರಮ್ಮ ವಾರಕ್ಕೊಂದು ಫೋಟೋ ಬೇಕು ಅಂದದ್ದಕ್ಕೂ, "ನನ್ನ ಮುಖದ ಹತ್ರ ಇನ್ನು ಆ ಮಿಷಿನ್ ತರ್ಬೇಡ" ಅಂದರು. ತರುವುದಿಲ್ಲ ಅಂದೆ.

ಹಾಗಾಗಿ ನಾನೇ ಕನ್ನಡಿ. ಎದುರಿಗೆ ಕೂತು ನಾನು ಹುಬ್ಬು ಏರಿಸುತ್ತೇನೆ, ಅವರು ಏರಿಸುತ್ತಾರೆ. ನಾನು ಕೆನ್ನೆ ಉಬ್ಬಿಸುತ್ತೇನೆ, ಅವರೂ. ಗಾಳಿ ಎಡತುಟಿಯಿಂದ ಬುಸ್ ಅಂತ ಹೋಗುತ್ತದೆ. ಬೆರಳಿನಿಂದ ಆ ತುದಿ ಹಿಡಿದುಕೊಳ್ಳುತ್ತೇನೆ. ಇವರು ಬಾಗಿಲಲ್ಲಿ ನಿಂತು ನೋಡಿ, "ಎರಡು ಕೋತಿ" ಅಂದರು. ಅತ್ತೆ ನಗಲು ಹೋಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಬಲಹುಬ್ಬಿನ ಕೆಳಗೆ ಅತ್ತೆಗೆ ಒಂದು ಪುಟ್ಟ ಮಚ್ಚೆ ಇದೆ. ಇಷ್ಟು ವರ್ಷದಲ್ಲಿ ನಾನು ನೋಡಿರಲಿಲ್ಲ.

ಏಪ್ರಿಲ್ 8, ಮಂಗಳವಾರ

ಏನೂ ಇಲ್ಲ. ಹನಿ, ಮುಲಾಮು, ಟೇಪ್, ಕೋತಿಯಾಟ. ಇವತ್ತು ಅತ್ತೆ ಅತ್ತರು. ಎಡಗಣ್ಣಿನಿಂದ ಸದಾ ನೀರು ಬರುವುದರಿಂದ ಮೊದಲು ತಿಳಿಯಲಿಲ್ಲ. ಬಲಗಣ್ಣು ನೋಡಿ ತಿಳಿಯಿತು.

ಏಪ್ರಿಲ್ 17, ಗುರುವಾರ

ಬೆಳಿಗ್ಗೆ ಒಬ್ಬ ಗಿರಾಕಿ ಪಾಸ್‌ಪೋರ್ಟ್ ಫೋಟೋಗೆ ಬಂದಿದ್ದ. ಕೂರಿಸಿ, ಗಲ್ಲ ಸರಿ ಮಾಡಿ, ಕ್ಯಾಮೆರಾ ಎತ್ತುವ ಮುಂಚೆ ಒಂದು ಕ್ಷಣ ಅವನ ಮುಖ ನೋಡುತ್ತ ನಿಂತೆ. "ಯಾಕೆ ಮೇಡಂ, ಏನಾದ್ರೂ ಅಂಟಿದೆಯಾ" ಅಂತ ಅವನು ಕೆನ್ನೆ ಒರೆಸಿಕೊಂಡ. ಈಚೆಗೆ ಗಿರಾಕಿಗಳು ಇದನ್ನೇ ಕೇಳುತ್ತಾರೆ, ಯಾಕೋ.

ಅಷ್ಟರಲ್ಲಿ ಒಳಗಿನಿಂದ ಒಂದು ಸದ್ದು. ಮುಕ್ಕಾಲು ಗಾಳಿ, ಕಾಲುಭಾಗ ದನಿ. ಒಂದು ಉದ್ದ. ಆಮೇಲೆ, ಎಷ್ಟೋ ಹೊತ್ತಾದ ಮೇಲೆ ಅನ್ನುವ ಹಾಗೆ, ಒಂದು ಗಿಡ್ಡ.

ಕ್ಯಾಮೆರಾ ಗಿರಾಕಿಯ ಕೈಗೇ ಕೊಟ್ಟು ಓಡಿದೆ.

ಅತ್ತೆ ಒಲೆಯ ಮುಂದೆ ಹಾಲಿನ ಪಾತ್ರೆ ನೋಡುತ್ತ ನಿಂತಿದ್ದರು, ಏನೂ ಆಗಿಲ್ಲ ಅನ್ನುವ ಹಾಗೆ.

"ಕರೆದ್ರಾ ಅತ್ತೆ?"

"ಸುಮ್ನೆ. ಬರುತ್ತಾ ಅಂತ ನೋಡ್ದೆ" ಅಂದು ನಕ್ಕರು. ಸೆರಗು ಬಾಯಿಗೆ ಹೋಗುವ ಮುಂಚೆಯೇ ನಾನು ಕಂಡೆ. ಎಡಗಣ್ಣಿನ ಪಕ್ಕ, ಉಗುರಿನಿಂದ ಗೀರಿದಷ್ಟು ಸಣ್ಣದು. ಇತ್ತು. ಬಾಗಿಲಲ್ಲಿ ನಿಂತವಳಿಗೆ, ಅಡುಗೆಮನೆಯ ಆ ಮಂಕು ಬೆಳಕಿನಲ್ಲಿ ಕಂಡಿತು.

"ಅತ್ತೆ, ಗೆರೆ!"

"ಯಾವ ಗೆರೆ?"

"ಎಡಗಣ್ಣಿನ ಪಕ್ಕದ್ದು. ಬಂದಿದೆ. ದೇವರಾಣೆ ಬಂದಿದೆ!"

ಅತ್ತೆ ಬೆರಳಿನಿಂದ ಆ ಜಾಗ ಮುಟ್ಟಿ ನೋಡಿಕೊಂಡರು. ಮತ್ತೆ ಮುಟ್ಟಿದರು. ಕಣ್ಣು ತುಂಬಿದವು, ಎರಡೂ. ಆಮೇಲೆ ಹಾಲಿನ ಕಡೆಗೆ ತಿರುಗಿ, "ಹಾಗಾದ್ರೆ ನಿನ್ನ ಲೆನ್ಸ್ ರಿಪೇರಿ ಆಯ್ತು ಅನ್ನು" ಅಂದರು.

ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ. ಹಾಲು ಉಕ್ಕಿ ಒಲೆಯೆಲ್ಲ ಹರಿಯಿತು. "ಗೆರೆ ಆಮೇಲೆ ನೋಡುವಿಯಂತೆ, ಗಿರಾಕಿ ಕಾಯ್ತಿರ್ತಾನೆ ಹೋಗೇ" ಅಂತ ಗದರಿದರು.

ಸೆರಗಿನಿಂದ ಮುಖ ಒರೆಸಿಕೊಂಡು ಬಂದೆ. ಗಿರಾಕಿ ಎರಡೂ ಕೈಯಲ್ಲಿ ಕ್ಯಾಮೆರಾ ಹಿಡಿದುಕೊಂಡು ಅಲ್ಲಾಡದೆ ಕೂತಿದ್ದ, ಪಾಪ.

"ಯಾರು ಮೇಡಂ, ಆಗ ಶಿಳ್ಳೆ ಹಾಕಿದ್ದು?" ಅಂದ.

"ನಮ್ಮತ್ತೆ" ಅಂದೆ. "ನನ್ನನ್ನೇ ಕರೆದಿದ್ದು."